ಹೆಸರು ಹೇಳದ ಬೇರು

...ಅಥವಾ ಅದು ತಂಬುಳಿಯಲ್ಲ, ಬರೀ ಮಜ್ಜಿಗೆಯೇ ಇರಬಹುದು. ಚಿಕ್ಕಮ್ಮ ತಂಗಿಯ ಮುಂದೆ ಲೋಟ ಹಿಡಿದು ನಿಂತ ಹಾಗೆ ನೆನಪು. ಆದರೆ ತಂಬುಳಿಯನ್ನು ನಮ್ಮ ಮನೆಯಲ್ಲಿ ಲೋಟಕ್ಕೂ ಹಾಕುತ್ತಾರೆ. ಎರಡರಲ್ಲಿ ಯಾವುದನ್ನು ನಾನು ನೋಡಿದೆನೋ, ಯಾವುದನ್ನು ಆಮೇಲೆ ಕಟ್ಟಿಕೊಂಡೆನೋ.

ತಂಗಿ ವಿಮಾನ ಹಾರಿಸುವವಳು. ವರ್ಷದ ವೈದ್ಯಕೀಯ ಪರೀಕ್ಷೆಯಲ್ಲಿ ಅವಳ ಮೂತ್ರಪಿಂಡದಲ್ಲಿ ಒಂದು ಕಲ್ಲು ಕಂಡಿತು. ನೋವಿಲ್ಲ, ಜ್ವರವಿಲ್ಲ. ಆದರೂ ‘ತಾತ್ಕಾಲಿಕವಾಗಿ ಅನರ್ಹ’ ಎಂದು ಬರೆದು ನೆಲಕ್ಕಿಳಿಸಿದರು. ಆಕಾಶದಲ್ಲಿ ಆ ಕಲ್ಲು ಜರುಗಿದರೆ ಬರುವ ನೋವು ಎಂಥವರನ್ನೂ ಮಡಚಿಹಾಕುತ್ತದಂತೆ. ಸಾಸಿವೆಯಷ್ಟು ಕಲ್ಲು, ಅದರ ಹಿಂದೆ ಸೀಟುಬೆಲ್ಟು ಕಟ್ಟಿ ಕೂತ ಅಷ್ಟೊಂದು ಜನ. ಅವರಲ್ಲಿ ಒಬ್ಬರನ್ನೂ ಕಾಣದೆ, ಅವರಿಗಾಗಿ ಯಾರೋ ಕೂತು ಈ ನಿಯಮ ಬರೆದಿದ್ದಾರೆ ಎಂಬುದೇ ನನ್ನನ್ನು ದಂಗುಬಡಿಸಿತು.

ಅವಳು ಯಲ್ಲಾಪುರದ ಮನೆಗೆ ಬಂದು ದಿನವಿಡೀ ನೀರು ಕುಡಿದಳು. ಕೆಲವು ವಾರಗಳ ನಂತರ ಹುಬ್ಬಳ್ಳಿಯ ಸ್ಕ್ಯಾನಿನಲ್ಲಿ ಕಲ್ಲು ಇರಲಿಲ್ಲ. ಮರುಪರೀಕ್ಷೆಯ ಫಾರ್ಮು ತುಂಬಲು ಊಟದ ಮೇಜಿಗೆ ಕೂತಳು. ಈಚೆಗೆ ತೆಗೆದುಕೊಂಡ ಔಷಧಗಳು, ನಾಟಿ ಮದ್ದೂ ಸೇರಿ, ಎಂಬ ಸಾಲಿಗೆ ‘ಇಲ್ಲ’ ಎಂದು ಬರೆಯುವಾಗ ಚಿಕ್ಕಮ್ಮ ನಕ್ಕಳು.

“ಇಲ್ಲೆ ಹೇಳಿ ಬರೀತ್ಯನೇ ಕೂಸೆ? ವಜ್ರಳ್ಳಿ ಮದ್ದಿನ ಅಜ್ಜನ ಬೇರು ಹದಿನೈದು ದಿನ ನಿನ್ನ ಹೊಟ್ಟೆಗೆ ಹೋಯ್ದು.”

“ಎಂತ ಬೇರು?”

“ಆನು ಕೇಳಿದ್ನಿಲ್ಲೆ. ತೇದು ಕೊಟ್ಟ, ಆನು ನಿನ್ನ ಲೋಟಕ್ಕೆ ಕಲಸಿ ಕೊಟ್ಟೆ.”

ನಮ್ಮ ಕಡೆ ಮದ್ದು ಕೊಡುವವರು ಬೇರಿನ ಹೆಸರು ಹೇಳುವುದಿಲ್ಲ, ಒಯ್ಯುವವರು ಕೇಳುವುದಿಲ್ಲ. ಕೇಳುವುದು ಮದ್ದಿನ ಮೇಲೆ ಅನುಮಾನಪಟ್ಟ ಹಾಗೆ. ತಂಗಿ ವಜ್ರಳ್ಳಿಗೆ ಫೋನು ಹಚ್ಚಿದಳು. ಆಚೆಯಿಂದ ಮುದುಕನ ದನಿ: “ಹೆಸ್ರು ಹೇಳಿರೆ ಮದ್ದು ಸಾಯ್ತು ತಂಗಿ. ಕಲ್ಲು ಹೋತೋ ಇಲ್ಯೋ?”

“ಹೋತು.”

“ಮತ್ತೆಂತಕ್ಕೆ ಹೆಸ್ರು?”

“ಬಿಟ್ಹಾಕೆ,” ಎಂದಳು ಚಿಕ್ಕಮ್ಮ. “ಯಾರಿಗೆ ಗೊತ್ತಾಗ್ತು? ನಿನ್ನ ವಿಮಾನಕ್ಕೆ ಗೊತ್ತಾಗ್ತ?”

ತಂಗಿಯ ಕೈ ನಡುಗಿತು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ, ಅವಳ ಕೈಯನ್ನು ನಾನು ನೋಡಲೇ ಇಲ್ಲ. ಹೊರಗೆ ಅಂಕೋಲೆಯ ಲಾರಿಯೊಂದು ಗೇರು ಬದಲಿಸುತ್ತಿತ್ತು, ಇದು ಖಚಿತ. ‘ಇಲ್ಲ’ ಎಂಬುದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಅವಳು ಬರೆದಳು: ಹೆಸರು ತಿಳಿಯದ ಬೇರು, ಹದಿನೈದು ದಿನ, ನನಗೆ ಗೊತ್ತಿಲ್ಲದೆ.

ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಆನೇ ನಿನ್ನ ಕೆಳಗೆ ಕೂರ್ಸಿದೆ,” ಎಂದಳು.

“ನೀನಲ್ಲ. ಬರೆದದ್ದು ಆನು.”

ಇಷ್ಟು ಸಣ್ಣ ದನಿಯಲ್ಲಿ ಇಷ್ಟು ದೊಡ್ಡದನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ.

ಪರೀಕ್ಷೆಯ ವೈದ್ಯರು ಆ ಸಾಲನ್ನು ಎರಡು ಸಲ ಓದಿದರಂತೆ. ಬೈಯಲಿಲ್ಲ. ಯಕೃತ್ತು, ರಕ್ತ, ಮತ್ತೆ ಮೂತ್ರಪಿಂಡ ಎಂದು ಹೊಸ ಪರೀಕ್ಷೆಗಳನ್ನು ಬರೆದು ನಿರ್ಧಾರವನ್ನು ಮುಂದೂಡಿದರು. ಇದನ್ನು ಬರೆಯುವಾಗ ತಂಗಿ ಪಕ್ಕದ ಕೋಣೆಯಲ್ಲಿದ್ದಾಳೆ. ಅವಳನ್ನು ಮತ್ತೆ ಹಾರಲು ಬಿಡುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.