ಗುಬ್ಬಿ ಬಿಸಿಲಿಗೆ ಬಂದ ಏಲಕ್ಕಿ

ಮರಳೂರಿನ ನರ್ಸರಿಯಲ್ಲಿ ಏಲಕ್ಕಿ ಎಲೆ ಹಿಸುಕಿ ಮೂಸಿದೆ. ಚಿಕ್ಕಂದಿನ, ಗುಬ್ಬಿ ಊರಿನ ನಮ್ಮ ಹಿತ್ತಿಲು ಕಣ್ಣೆದುರು ಬಂತು.

ತೀರಿಹೋದ ತನ್ನ ತಾಯಿಯ ನೆನಪಿಗೆಂದು ಅಮ್ಮ ಸಕಲೇಶಪುರದ ತವರಿನಿಂದ ಏಲಕ್ಕಿ ಸಸಿ ತಂದು ಅಲ್ಲಿ ನೆಟ್ಟಿದ್ದಳು.

"ನಮ್ ಬಿಸ್ಲಿಗೆ ಅದು ನಿಲ್ಲಲ್ಲ ಕಣಮ್ಮ, ನುಗ್ಗೆ ಹಾಕು" ಎಂದಿದ್ದಳು ಅಪ್ಪನ ತಾಯಿ, ನಮ್ಮಜ್ಜಿ.

ಅಮ್ಮ ಬಾಣಂತಿಯಾಗಿ ಕೋಣೆ ಸೇರಿದ ಮೇಲೆ ನೀರು ಹಾಕುವ ಕೆಲಸ ನನ್ನದಾಯಿತು. ಎಷ್ಟು ಸುರಿದರೂ ಎಲೆಗಳು ಅಂಚಿನಿಂದ ಸುಟ್ಟುಕೊಂಡೇ ಬಂದವು.

"ಎಲೆ ಎಷ್ಟವ್ಲಾ?" ಎಂದು ಅಮ್ಮ ದಿನಾ ಒಳಗಿಂದಲೇ ಕೇಳುತ್ತಿದ್ದಳು.

"ಒಂಬತ್ತವೆ ಕಣಮ್ಮ."

ಇದ್ದದ್ದು ಎರಡು. ಅವೂ ಉದುರಿದ ದಿನ ಧೈರ್ಯ ಬಂದು ಹನ್ನೊಂದು ಎಂದೆ. ಅಜ್ಜಿ ಕೇಳಿಸಿಕೊಂಡು, ಉದುರಿದ ಎಲೆಗಳನ್ನು ಗುಡಿಸಿ ಹಾಕಿದಳು.

ಬಾಣಂತನ ಮುಗಿಸಿ ಹೊರಬಂದ ಅಮ್ಮ ಒಣಗಿದ ಕಡ್ಡಿಯನ್ನು ನೋಡಿದಳು, ಒಳಗೆ ಹೋದಳು.

ಈಗ ನರ್ಸರಿಯಲ್ಲಿ ಏಲಕ್ಕಿ ಸಸಿಯ ಮುಂದೆ ನಿಂತಿದ್ದಾಗಲೇ ಅಮ್ಮನ ಫೋನ್ ಬಂತು.

"ಎಲ್ಲಿದೀಯೋ?"

"ಬಸ್‌ಸ್ಟ್ಯಾಂಡಲ್ಲಿ" ಎಂದೆ.