ಕೋಡಿಬಾಗದ ಅಂಗಳದಲ್ಲಿ ಚಾನ್ ಚಾನ್

ನಮ್ಮ ಕಾರವಾರದ ಕಡೆ 'ಛಾನ್' ಎಂಬ ಒಂದು ಶಬ್ದ ಗೊತ್ತಿದ್ದರೆ ಸಾಕು, ಉಳಿದ ಭಾಷೆಯನ್ನೆಲ್ಲ ಹಿತ್ತಲಲ್ಲಿ ಒಣಗಲು ಹಾಕಿ ನಾಲ್ಕು ದಿನ ಆರಾಮಾಗಿ ಬದುಕಬಹುದು. ಮರಾಠಿಯಿಂದ ಹೊಳೆ ದಾಟಿ ಬಂದ ಈ ಶಬ್ದ ಸೀರೆಗೂ ಸಲ್ಲುತ್ತದೆ, ಸಾರಿಗೂ ಸಲ್ಲುತ್ತದೆ, ಮದುಮಗಳಿಗೂ ಸಲ್ಲುತ್ತದೆ, ತುಸು ಧೈರ್ಯ ಮಾಡಿದರೆ ಅವಳ ಅತ್ತೆಗೂ ಸಲ್ಲುತ್ತದೆ. ಒಂದು ಸಲ ಅಂದರೆ ಚೆಂದ. 'ಛಾನ್ ಛಾನ್' ಎಂದು ಎರಡು ಸಲ ಅಂದರೆ ಬಹಳ ಚೆಂದ. ಅಥವಾ, ಹೇಳುವವರ ಮೂಗಿನ ಹೊಳ್ಳೆ ಸ್ವಲ್ಪ ಅಗಲವಾಗಿದ್ದರೆ, ನೀನು ಮಾಡಿದ್ದು ಸಾಕು, ಇನ್ನು ಒಳಗೆ ಹೋಗು ಎಂದರ್ಥ. ಮೀನು ಮಾರಿದ ನಲವತ್ತು ವರ್ಷಗಳಲ್ಲಿ ಈ ಎರಡೂ ಜಾತಿಯ ಛಾನ್ ಛಾನ್‌ಗಳನ್ನು ಬುಟ್ಟಿಗಟ್ಟಲೆ ಹೊತ್ತವಳು ನಾನು. ಆದರೆ ಅದು ಒಂದು ಊರಿನ ಹೆಸರೂ ಹೌದು, ಅದೂ ಭೂಮಂಡಲದ ಬೆನ್ನಿನ ಕಡೆ ಹಾಳುಬಿದ್ದ ಪ್ರಾಚೀನ ಪಟ್ಟಣದ ಹೆಸರು ಎಂದು ತಿಳಿದದ್ದು ಹೋದ ಚಳಿಗಾಲದಲ್ಲಿ. ಆ ಪಟ್ಟಣವನ್ನು ನಾನು ನೋಡಿಯೂ ಬಂದೆ. ಬಂದೆ ಎನ್ನುವುದೂ ತಪ್ಪು. ಅದು ನನ್ನ ಅಂಗಳದಲ್ಲೇ ಇತ್ತು.

ನನ್ನ ವಿದ್ಯಾಭ್ಯಾಸದ ವಿಷಯ ಮೊದಲೇ ಅರಿಕೆ ಮಾಡಿಕೊಳ್ಳುವುದು ಒಳ್ಳೆಯದು. ಅಂಕೋಲೆಯ ಕಡೆಯ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತೆ. ಆಮೇಲಿನದೆಲ್ಲ ಒಣಮೀನು ಕಟ್ಟಿಕೊಡುವ ಹಳೇ ಪೇಪರಿನಲ್ಲಿ ಕಲಿತದ್ದು. ಗಿರಾಕಿ ಬಾರದ ಮಧ್ಯಾಹ್ನಗಳಲ್ಲಿ ಅಗ್ರಲೇಖನದಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಒಂದಕ್ಷರ ಬಿಡದೆ ಓದಿದ್ದೇನೆ. ಆದರೆ ಯಾವ ಲೇಖನದ ಕೊನೆಯೂ ನನಗೆ ಗೊತ್ತಿಲ್ಲ, ಏಕೆಂದರೆ ಅಷ್ಟರಲ್ಲಿ ಯಾರಾದರೂ ಬಂದು ಒಣ ಸಿಗಡಿ ಕೇಳುತ್ತಿದ್ದರು, ಉಪಸಂಹಾರವೆಲ್ಲ ಸಿಗಡಿಯ ಮೈಗೆ ಸುತ್ತಿಕೊಂಡು ಅವರ ಮನೆಗೆ ಹೋಗುತ್ತಿತ್ತು. ಆದ್ದರಿಂದ ಈ ಬರಹದಲ್ಲಿ ಎಲ್ಲಾದರೂ 'ತತ್ಪರಿಣಾಮವಾಗಿ' ಎಂಬಂಥ ಘನವಾದ ಶಬ್ದ ಬಂದು, ಅದಕ್ಕೆ ಒಣಮೀನಿನ ವಾಸನೆ ಹೊಡೆದರೆ ನೀವು ಸಂಶಯಪಡಬೇಡಿ. ಅದು ಅಲ್ಲಿಂದಲೇ ಬಂದದ್ದು.

ನಮ್ಮ ಮನೆ ಕೋಡಿಬಾಗದಲ್ಲಿ, ಕಾಳಿ ಹೊಳೆಯ ದಂಡೆಗೆ ಹತ್ತಿರ. ಮಗನೂ ಸೊಸೆಯೂ ಬೆಳಿಗ್ಗೆ ಬಸ್ಸು ಹಿಡಿದು ಗೋವೆಯ ಕಡೆ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಶಾಲೆ ಬಿಟ್ಟ ಮೇಲಿನ ಸಾಮ್ರಾಜ್ಯಕ್ಕೆ ನಾನು ಮತ್ತು ಎಂಟನೇ ಇಯತ್ತೆಯ ಮೊಮ್ಮಗಳು ಮಯೂರಿ ಇಬ್ಬರೇ ಪ್ರಜೆಗಳು. ಮಯೂರಿಗೆ ಮಾತು ತಡೆಯುತ್ತದೆ. ಮೊದಲ ಅಕ್ಷರ ಬಾಗಿಲವರೆಗೆ ಬಂದು, ಚಪ್ಪಲಿ ಸಿಗದವರ ಹಾಗೆ, ಅಲ್ಲೇ ಎರಡು ಮೂರು ಸುತ್ತು ತಿರುಗುತ್ತದೆ. ನನಗೋ, ಪೇಟೆಯಲ್ಲಿ ಗಿರಾಕಿ ಬಾಯಿ ತೆಗೆಯುವ ಮೊದಲೇ ಅವರಿಗೆ ಯಾವ ಮೀನು ಬೇಕೆಂದು ಹೇಳಿ ಅಭ್ಯಾಸ. ತತ್ಪರಿಣಾಮವಾಗಿ, ಅವಳ ಮಾತನ್ನೆಲ್ಲ ನಾನೇ ಪೂರ್ತಿ ಮಾಡಿಕೊಡುತ್ತ ಬಂದಿದ್ದೆ. ಇದನ್ನು ನಾನು ವಾತ್ಸಲ್ಯ ಎಂದು ತಿಳಿದಿದ್ದೆ.

ಅವತ್ತು ಶಾಲೆಯಿಂದ ಬಂದವಳೇ "ಅಜ್ಜಿ, ಚಾ... ಚಾ..." ಎಂದಳು. ಚಾ ಮಾಡಿಕೊಟ್ಟೆ. ಪಾಪ, ಕುಡಿದಳು. ಕುಡಿದು ಲೋಟ ಕೆಳಗಿಟ್ಟು "ಚಾ... ಚಾನ್..." ಎಂದಳು. ಹುಡುಗಿಗೆ ಹದಿಮೂರು ತುಂಬಿತು, ಛಾನ್ ಕಾಣುವ ಆಸೆ ಹುಟ್ಟುವ ವಯಸ್ಸೇ ಎಂದು ನಾನು ಪುಳಕಿತಳಾಗಿ, ಅವಳನ್ನು ಎಳೆದು ಕೂಡಿಸಿ, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಅಬ್ಬಲಿಗೆ ಮುಡಿಸಿ, ಮುಖಕ್ಕೆ ಪೌಡರು ಬಳಿದೆ. ಅವಳು ಮೂರನೇ ಸಲ ಪ್ರಯತ್ನ ಮಾಡಲಿಲ್ಲ. ಪಾಟೀಚೀಲದಿಂದ ಒಂದು ಹಾಳೆ ತೆಗೆದು ನನ್ನ ಮೂಗಿನ ಎದುರು ಹಿಡಿದಳು.

ಹಾಳೆಯಲ್ಲಿ ಮಣ್ಣಿನ ಗೋಡೆಗಳ ಒಂದು ಚಿತ್ರ, ಕೆಳಗೆ ಹೆಸರು: ಚಾನ್ ಚಾನ್. ಪೆರು ಎಂಬ ದೇಶದ ಕಡಲ ದಂಡೆಯಲ್ಲಿ, ಇಂಕಾ ಎಂಬ ಅರಸರು ಬಂದು ಗೆದ್ದುಕೊಳ್ಳುವುದಕ್ಕೂ ಮೊದಲು, ಬೇರೆ ಜನ ಹಸಿಮಣ್ಣಿನ ಇಟ್ಟಿಗೆಯಲ್ಲೇ ಕಟ್ಟಿದ ರಾಜಧಾನಿಯಂತೆ. ಗೋಡೆಯ ಮೇಲೆ ಸಿಂಹವಿಲ್ಲ, ಆನೆಯಿಲ್ಲ. ಸಾಲು ಸಾಲು ಮೀನು, ಕಡಲಹಕ್ಕಿ, ಬಲೆಯ ಕಣ್ಣು. ಅರಮನೆಯ ಗೋಡೆಗೆ ಮೀನು ಕೂರಿಸಿದವರು ಎಂದ ಮೇಲೆ ನನಗೆ ಅವರ ಕುಲಗೋತ್ರ ಕೇಳುವುದು ಉಳಿಯಲಿಲ್ಲ. ಇಂಥವರ ಮನೆಗೆ ಕಣ್ಣುಮುಚ್ಚಿ ಹೆಣ್ಣು ಕೊಡಬಹುದು.

ಶಾಲೆಯ ಪ್ರದರ್ಶನಕ್ಕೆ ಪ್ರತಿ ಮಗುವೂ ಒಂದು ಪುರಾತನ ಪಟ್ಟಣದ ಮಾಡೆಲ್ ಮಾಡಬೇಕು, ಮಾಡಿದವರೇ ನಿಂತು ವಿವರಿಸಬೇಕು. ಹೋದ ವರ್ಷ ಮಯೂರಿ ಮಾಡಿದ ದೀಪಸ್ತಂಭದ ಪಕ್ಕ ನಿಂತು ಬೇರೊಬ್ಬ ಹುಡುಗಿ ಮಾತಾಡಿದಳು. ಪ್ರಮಾಣಪತ್ರ ಮಾತಾಡಿದವಳ ಮನೆಗೆ ಹೋಯಿತು, ದೀಪಸ್ತಂಭ ನಮ್ಮ ಮನೆಗೆ ಬಂತು. "ಈ ಸಲ ನಾ... ನಾನೇ ಹೇಳ್ತೆ," ಎಂದಳು. ಅಷ್ಟು ಹೇಳಲು ಅವಳಿಗೆ ಹಿಡಿದ ಹೊತ್ತಿನಲ್ಲಿ ನಾನು ನಾಲ್ಕು ಬೇರೆ ಬೇರೆ ವಾಕ್ಯ ಊಹಿಸಿ ಹೇಳಿದ್ದೆ, ನಾಲ್ಕೂ ತಪ್ಪಾಗಿದ್ದವು.

ಮಾಡೆಲ್ ಎಂದರೆ ಚಿಕ್ಕದಿರಬೇಕು ಎಂದು ನನಗೆ ಯಾರೂ ಹೇಳಲಿಲ್ಲ. ಉಳಿದ ಮಕ್ಕಳು ಥರ್ಮಾಕೋಲಿನಲ್ಲಿ ಹಂಪಿ ಕೊರೆಯುತ್ತಿದ್ದಾಗ, ಅಂಕೋಲೆಯಲ್ಲಿ ಉಪ್ಪುನೀರು ಏರುವ ಗಜನಿ ಗದ್ದೆಗೆ ಮಣ್ಣಿನ ಒಡ್ಡು ಹಾಕುತ್ತ ಬೆಳೆದ ನಾನು ಸೆರಗು ಸಿಕ್ಕಿಸಿ ಮಣ್ಣು ತರಲು ಹೊಳೆಯ ದಂಡೆಗೆ ಇಳಿದೆ. ಮೀನು ಒಣಗಿಸುವ ಅಂಗಳ ಗುಡಿಸಿ, ಮಯೂರಿ ಹಾಳೆ ನೋಡಿ ಗೂಟ ಹೊಡೆದು ದಾರ ಕಟ್ಟಿದಳು. ಅದೇ ಹೊತ್ತಿಗೆ ತೋಡೂರಿನ ಗಣಪು ಭಾವ, ನನ್ನ ಯಜಮಾನರ ಅಣ್ಣ, ಬೇಲಿಯ ಹೊರಗೆ ಕಾಣಿಸಿಕೊಂಡವರು ಗೂಟ ಕಂಡದ್ದೇ ಅಲ್ಲೇ ನಿಂತುಬಿಟ್ಟರು.

"ಪಾರೂ, ಇಲ್ಲೂ ಅಳತೆ ಬಂತನೆ?"

ಒಮ್ಮೆ ಅಂಗಳದಲ್ಲಿ ಸರಕಾರದ ಅಳತೆಯ ಗೂಟ ಬಿದ್ದ ಮೇಲೆ ಮನೆ ಬಿಟ್ಟುಕೊಟ್ಟು ಬೇರೆ ಕಡೆ ಹೋದವರು ಅವರು. ಅವರಿಗೆ ಗೂಟ ಎಂದರೆ ತಮಾಷೆಯಲ್ಲ. ಕೂಡಿಸಿ, ನೀರು ಕೊಟ್ಟು, ಇದು ಊರು ಕೀಳುವ ಗೂಟವಲ್ಲ, ಊರು ಕಟ್ಟುವ ಗೂಟ ಎಂದು ತಿಳಿಸಿ ಹೇಳುವಾಗ ಸಾಕುಬೇಕಾಯಿತು. ತಿಳಿದದ್ದೇ ತಡ, ಮರುದಿನದಿಂದ ಕೋಲು ಹಿಡಿದು ಬಂದು, ಯಾರೂ ನೇಮಿಸದಿದ್ದರೂ ಆ ಪಟ್ಟಣದ ಕೊತ್ವಾಲರಾಗಿ ಕೋಳಿ ಓಡಿಸುತ್ತ ಕೂತರು.

ಮಣ್ಣಿಗೆ ಹುಲ್ಲು ಕಲಸಿ ತುಳಿದೆವು. ಬಲೆಯ ಕಣ್ಣು ಮೂಡಿಸುವುದು ಹೇಗೆಂದು ಮಯೂರಿ ಚಿಂತೆ ಮಾಡುತ್ತಿದ್ದಾಗ ನಾನು ಹಳೇ ಬಲೆಯ ಚೂರನ್ನು ಹಸಿಗೋಡೆಗೆ ಒತ್ತಿ ತೆಗೆದು ತೋರಿಸಿದೆ. ಅಜ್ಜಿಯ ಬುದ್ಧಿಗೆ ಅವಳು ಮಾತೇ ಬೇಡದ ಹಾಗೆ ನಕ್ಕಳು. ಗೋಡೆಗೆ ಮೀನಿನ ಸಾಲು ಮೂಡಿಸುವ ಕೆಲಸ ಮಾತ್ರ ನಾನು ಯಾರಿಗೂ ಬಿಡಲಿಲ್ಲ. ಎಂಟು ದಿನದಲ್ಲಿ ಹನ್ನೆರಡು ಮೊಳ ಉದ್ದ, ಒಂಬತ್ತು ಮೊಳ ಅಗಲ, ಮೊಣಕಾಲೆತ್ತರದ ಗೋಡೆಗಳ ರಾಜಧಾನಿ ಎದ್ದು ನಿಂತಿತು. ಅದನ್ನು ಶಾಲೆಗೆ ಒಯ್ಯಬೇಕು ಎಂಬುದು ಆಗ ನೆನಪಾಯಿತು. ಮಯೂರಿಗೆ ಕಲಿಸುವ ಅಕ್ಕೋರು ಬಂದರು, ನೋಡಿದರು, ನನ್ನ ಮಣೆಯ ಮೇಲೆ ಕುಸಿದರು.

"ಪಾರ್ವತಿಬಾಯಿ, ಇದನ್ನ ಶಾಲೆಗೆ ತರೂದು ಹ್ಯಾಗೆ?"

"ಶಾಲೇನೇ ಇಲ್ಲಿ ತನ್ನಿ ಅಕ್ಕೋರೆ. ಅದು ಹಗುರ."

ನಾನು ಬಾಯಿಗೆ ಬಂದದ್ದು ಹೇಳಿದೆ. ಅಕ್ಕೋರು ಒಳ್ಳೆಯವರು, ಒಪ್ಪಿದರು. ಮಾಡೆಲ್ಲುಗಳಿಗೆ ಗುಣ ಹಾಕಲು ಹೊರಗಿನಿಂದ ಬರುವ ಮಾಸ್ತರೂ ಇಡೀ ವರ್ಗವೂ ಶನಿವಾರ ಬೆಳಿಗ್ಗೆ ನಮ್ಮ ಅಂಗಳಕ್ಕೇ ಬರುವುದೆಂದಾಯಿತು. ಆ ಸುದ್ದಿ ಹಬ್ಬಿದ ಮೇಲೆ ಪ್ರೇಕ್ಷಣೀಯ ಸ್ಥಳಗಳಿಗೆ ಬರುವ ಎಲ್ಲ ಸಂಕಷ್ಟಗಳೂ ಚಾನ್ ಚಾನ್‌ಗೆ ಬಂದವು. ಗೋಡೆಯ ಮೇಲೆ ಯಾರೋ ತಮ್ಮ ಹೆಸರು ಕೆತ್ತಿದರು. ಇನ್ಯಾರೋ ನಡುಮಧ್ಯದ ಚೌಕದಲ್ಲಿ ದಾಸಾಳ ಹೂ ಇಟ್ಟು ಊದುಬತ್ತಿ ಹಚ್ಚಿ ಹೋದರು. ಯಾವ ದೇವರೆಂದು ಗೊತ್ತಿರದಿದ್ದರೂ ಕೈ ಮುಗಿಯುವುದರಲ್ಲಿ ನಮ್ಮವರು ವಿಳಂಬ ಮಾಡುವವರಲ್ಲ. ಪಕ್ಕದ ಮನೆಯ ಶೇವಂತಿ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತು, "ಅಕ್ಕಾ, ಬದುಕಿದ್ದವ್ರ ಅಡುಗೆಮನೆ ಗೋಡೆ ಬಿರುಕು ಬಿಟ್ಟದೆ, ಸತ್ತ ರಾಜಂಗೆ ಅರಮನೆಯಾ?" ಎಂದಳು. ಅವಳು ಹೇಳಿದ್ದು ನನ್ನ ಅಡುಗೆಮನೆಯ ಬಗ್ಗೆಯೇ.

ಶುಕ್ರವಾರ ಮಧ್ಯಾಹ್ನ, ಋತುಮಾನಕ್ಕೆ ಸಂಪೂರ್ಣ ವಿರುದ್ಧವಾಗಿ, ಮಳೆ ಬಿತ್ತು. ತಾಡಪತ್ರಿ ಹುಡುಕಿ ತರುವಷ್ಟರಲ್ಲಿ ಶತಮಾನಗಳ ಕೆಲಸವನ್ನು ಅದು ಅರ್ಧ ತಾಸಿನಲ್ಲಿ ಮುಗಿಸಿತ್ತು. ಗೋಡೆಗಳು ಕರಗಿ ದಿಬ್ಬವಾಗಿದ್ದವು, ಬೀದಿಯಲ್ಲಿ ಕೆಂಪು ನೀರು ನಿಂತಿತ್ತು, ಮೀನಿನ ಸಾಲಿನಲ್ಲಿ ಹತ್ತಕ್ಕೆ ಎರಡು ಉಳಿದಿದ್ದವು. ಗಣಪು ಭಾವ ಛತ್ರಿ ಹಿಡಿದು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಗಂಭೀರವಾಗಿ ತೀರ್ಪು ಕೊಟ್ಟರು.

"ಈಗ ಸರಿ ಆತು ನೋಡು. ನಿನ್ನೆವರೆಗೆ ಇದು ಊರಾಗಿತ್ತು. ಹಾಳೆಯಲ್ಲಿ ಬರ್ದದ್ದು ಹಾಳೂರು ಅಂತಲ್ದಾ?"

ಶಾಲೆಯಿಂದ ಬಂದ ಮಯೂರಿ ನಗಲಿಲ್ಲ. ನಾನು ಅವಳ ಕೈ ಹಿಡಿದು, ಹೆದರಬೇಡ, ನಾಳೆ ಮಾಸ್ತರಿಗೆ ನಾನೇ ಎಲ್ಲ ಹೇಳುತ್ತೇನೆ, ನಿನಗೆ ತಡೆದರೆ ನಾನಿದ್ದೇನೆ ಎಂದೆ.

"ಬೇಡ," ಎಂದಳು. ಅವಳ ಬಾಯಿಂದ ಎಲ್ಲೂ ತಡೆಯದೆ ಬಂದ ಮಾತು. ಆಮೇಲೆ ನಿಧಾನವಾಗಿ, ನಾನು ನಡುವೆ ಎರಡು ಸಲ ಬಾಯಿ ಹಾಕಿದರೂ ಬಿಡದೆ, ಹೇಳಿದಳು: "ಈ ಊರು ಯಾ... ಯಾಕೆ ಆರಿಸ್ದೆ ಗೊತ್ತಾ ಅಜ್ಜಿ? ಇದ್ರ ಹೆಸ್ರು ಎಲ್ರೂ ಎರಡೆರಡು ಸಲ ಹೇಳ್ಬೇಕು. ಅಕ್ಕೋರೂ, ಮಾ... ಮಾಸ್ತರೂ. ಒಂದೇ ಸಲ ಹೇಳಿದ್ರೆ ತಪ್ಪು."

ಓದುವ ಮಹನೀಯರೆ, ನಲವತ್ತು ವರ್ಷದಲ್ಲಿ ಪೇಟೆಯ ಯಾವ ಜಗಳವೂ ನನ್ನ ಬಾಯಿ ಕಟ್ಟಿರಲಿಲ್ಲ. ಅವತ್ತು ಕಟ್ಟಿತು. ಅವಳ ಅರ್ಧ ಮಾತುಗಳನ್ನು ಇಷ್ಟು ವರ್ಷ ನಾನು ಪೂರ್ತಿ ಮಾಡುತ್ತಿದ್ದೆನೋ, ಇಂಕಾ ಅರಸರ ಹಾಗೆ ಆಕ್ರಮಿಸಿಕೊಳ್ಳುತ್ತಿದ್ದೆನೋ?

ಆದರೆ ಬಾಯಿಗೆ ಬುದ್ಧಿ ಬಂದರೂ ಅಭ್ಯಾಸ ಹೋಗುವುದಿಲ್ಲ. ಶನಿವಾರ ಬೆಳಿಗ್ಗೆ ಮೂವತ್ತು ಮಕ್ಕಳು, ಅಕ್ಕೋರು, ಕನ್ನಡಕದ ಮಾಸ್ತರು ಒಬ್ಬೊಬ್ಬರಾಗಿ ಕೆಸರು ತಪ್ಪಿಸಿಕೊಳ್ಳುತ್ತ ಅಂಗಳಕ್ಕೆ ಬಂದಾಗ ನನಗೆ ನನ್ನ ನಾಲಿಗೆಯದೇ ಭಯ ಹತ್ತಿತು. ನಾಲ್ಕು ಎಲೆ, ಇಡೀ ಒಂದು ಅಡಿಕೆ, ಸುಣ್ಣ ಸೇರಿಸಿ, ಎರಡೂ ಕೆನ್ನೆ ಉಬ್ಬುವಷ್ಟು ದೊಡ್ಡ ಕವಳ ಕಟ್ಟಿ ಬಾಯಿಗೆ ತುರುಕಿಕೊಂಡೆ. ಇನ್ನು ಪ್ರಪಂಚ ಮುಳುಗಿದರೂ ನನ್ನಿಂದ ಶಬ್ದ ಬರುವಂತಿರಲಿಲ್ಲ.

ಮಾಸ್ತರು ದಿಬ್ಬಗಳನ್ನು ನೋಡಿ, "ಹಾಂ, ಇದು ಚಾನ್ ಅಲ್ವಾ?" ಎಂದರು.

"ಎ... ಎರಡು ಸಲ ಸರ್," ಎಂದಳು ಮಯೂರಿ.

ಮಾಸ್ತರು ತಬ್ಬಿಬ್ಬಾಗಿ "ಚಾನ್ ಚಾನ್" ಎಂದರು. ಮಕ್ಕಳು ನಕ್ಕರು, ಆ ನಗು ಈ ಸಲ ಮಾಸ್ತರ ಕಡೆ ಹೋಯಿತು. "ಸರಿ, ಇಷ್ಟು ದೊಡ್ಡ ಪಟ್ಟಣ ಹಾಳಾದದ್ದು ಯಾವುದರಿಂದ?"

"ಮ... ಮ..."

ಮಳೆ, ಎಂದು ನನ್ನ ಸರ್ವಾಂಗವೂ ಕೂಗುತ್ತಿತ್ತು. ಮಳೆ, ನನ್ನ ಬಂಗಾರ, ಮಳೆ. ಕವಳ ಅಲುಗಾಡಲಿಲ್ಲ. ಒಂದಿಬ್ಬರು ಮಕ್ಕಳು ನನ್ನ ಮುಖ ನೋಡಿದರು, ಅಕ್ಕೋರು ಅವರನ್ನು ನೋಡಿದರು, ತೆಂಗಿನಮರದಲ್ಲಿ ಒಂದು ಕಾಗೆ ಏನೋ ಹೇಳಲು ಹೋಗಿ ಭಾವನ ಕೋಲು ಕಂಡು ಆ ವಿಚಾರ ಬಿಟ್ಟಿತು.

"ಮ... ಮಣ್ಣು, ಸರ್. ಮಣ್ಣಿಂದ ಆದದ್ದು ಮಣ್ಣೇ ಆಗ್ತದೆ. ಅಲ್ಲಿ ಮಳೆ ಅಪರೂಪ, ಅದ್ಕೇ ಅಷ್ಟು ವರ್ಷ ನಿಂತದ್ದು. ಇಂ... ಇಂಕಾಗಳು ಊರಿಗೆ ಬರೂ ನೀರು ತಡೆದು ಗೆದ್ರು ಅಂತಾರೆ. ಇಲ್ಲಿ ನಿನ್ನೆ ನೀರು ತಡೆಯೂಕೆ ಯಾರೂ ಇರ್ಲಿಲ್ಲ."

ನನ್ನ ಉತ್ತರ ತಪ್ಪಾಗಿತ್ತು ನೋಡಿ. ನಾನು ಬಾಯಿ ಹಾಕಿದ್ದರೆ ಆ ಹುಡುಗಿ ನನ್ನ ಮಳೆಗೆ 'ಹೂಂ' ಎಂದು ಸುಮ್ಮನಾಗುತ್ತಿದ್ದಳು, ಅವಳ ಮಣ್ಣು ಯಾರಿಗೂ ಸಿಗುತ್ತಿರಲಿಲ್ಲ. ಮುಂದೆ ಅವಳು ಬಲೆಯ ಗೋಡೆ, ಹಕ್ಕಿಯ ಗೋಡೆ, ರಾಜನ ಅಂಗಳ ಎಂದು ಎಲ್ಲರನ್ನೂ ಸುತ್ತಿಸಿದಳು. ಹತ್ತು ನಿಮಿಷದ ಮಾತಿಗೆ ಅರ್ಧ ತಾಸು ಹಿಡಿಯಿತು. ಒಬ್ಬರೂ ಅಲ್ಲಾಡಲಿಲ್ಲ, ಅಲ್ಲಾಡಿದರೆ ಕೆಸರಿಗೆ ಕಾಲಿಡಬೇಕಿತ್ತು ಎಂದು ಶೇವಂತಿ ಹೇಳುತ್ತಾಳೆ, ಹೇಳಲಿ. ನನ್ನ ಕಣ್ಣಲ್ಲಿ ನೀರು, ಬಾಯಲ್ಲಿ ಕೆಂಪು ರಸ, ಎದೆಯಲ್ಲಿ ಕಡಲ ಭರತದ ನೀರು ಹೊಳೆಗೆ ನುಗ್ಗಿದ ಹಾಗೆ ಸಂತೋಷ; ಮೂರರಲ್ಲಿ ಒಂದನ್ನೂ ಹೊರಗೆ ಬಿಡುವ ಹಾಗಿರಲಿಲ್ಲ.

ಕೊನೆಗೆ ಮಾಸ್ತರು ಬಗ್ಗಿ, ಗೋಡೆಯಲ್ಲಿ ಉಳಿದಿದ್ದ ಮೀನೊಂದನ್ನು ನೋಡಿ ನನ್ನ ಕಡೆ ತಿರುಗಿದರು. "ಇದು ನಿಮ್ಮ ಕೈಕೆಲಸ ಇರ್ಬೇಕು ಅಜ್ಜಿ. ಯಾವ ಮೀನು ಇದು?"

ನಾನು ಬಾಯಿ ತೆರೆಯಲು ಹೋದೆ. "ಬ್... ಬ್..." ಎಂಬುದರ ಹೊರತು ಏನೂ ಬರಲಿಲ್ಲ. ಮೂವತ್ತು ಮಕ್ಕಳು, ಅಕ್ಕೋರು, ಭಾವ, ಬೇಲಿಯಾಚೆಯ ಶೇವಂತಿ, ಎಲ್ಲರ ಕಣ್ಣೂ ನನ್ನ ತುಟಿಯ ಮೇಲೆ. ಗೊತ್ತಿರುವ ಮಾತು ಬಾಯಲ್ಲೇ ಸಿಕ್ಕಿಕೊಂಡು, ಎದುರಿಗೆ ಜನ ಕಾಯುವುದೆಂದರೆ ಏನೆಂದು ಎಪ್ಪತ್ತರ ಹತ್ತಿರ ಬಂದ ಮೇಲೆ ನನಗೆ ತಿಳಿಯಿತು. ಮಾಸ್ತರು ಸಹಾಯಕ್ಕೆಂದು ಮಯೂರಿಯ ಕಡೆ ನೋಡಿ, "ನೀನೇ ಹೇಳಮ್ಮ," ಎಂದರು.

ಅವಳಿಗೆ ಗೊತ್ತಿತ್ತು. ಆ ಮೀನು ಮಾಡುವಾಗ ಪಕ್ಕದಲ್ಲಿ ಕೂತವಳು ಅವಳೇ.

"ತ... ತಡೀರಿ ಸರ್," ಎಂದಳು. "ಅಜ್ಜಿನೇ ಹೇಳ್ತಾಳೆ."

ನಾನು ತೆಂಗಿನಮರದ ಬುಡಕ್ಕೆ ಹೋಗಿ ಉಗಿದು, ತಂಬಿಗೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಸೆರಗಿನಿಂದ ತುಟಿ ಒರೆಸಿಕೊಂಡು ತಿರುಗಿ ಬಂದೆ. ಎಲ್ಲರೂ ನಿಂತೇ ಇದ್ದರು. ಬಂಗಡೆ, ಎಂದೆ.