ಅಳಿಯಂದಿರ ತಂತಿ ಸುರುಳಿ

ನಿನ್ನೆ ನನ್ನ ಮೊಮ್ಮಗಳು ಸೋಫಾ ಹಿಡಿದುಕೊಂಡು ಎದ್ದು ನಿಂತಳು. ನಿಂತವಳು ನನ್ನ ಕಡೆ ತಿರುಗಿ, ಇರುವ ಎರಡು ಹಲ್ಲನ್ನೂ ತೋರಿಸಿ, ಏನೋ ದೊಡ್ಡ ಕೆಲಸ ಮುಗಿಸಿದವರ ಹಾಗೆ ನಕ್ಕಳು. ನಾನು ಕೈಯಲ್ಲಿದ್ದ ಸೌಟನ್ನು ಮರೆತು ಚಪ್ಪಾಳೆ ಹೊಡೆಯಲು ಹೋದೆ. ಸೌಟು ನೆಲಕ್ಕೆ ಬಿತ್ತು, ಸಾರು ಚೆಲ್ಲಿತು, ಮಗು ಇನ್ನೂ ಜೋರಾಗಿ ನಕ್ಕಿತು. ಕೆಳಗಿನ ಮನೆಯ ಜರ್ಮನ್ ಅಜ್ಜಿ ಏನಂದುಕೊಂಡರೋ ಏನೋ. ಇಂಥದ್ದನ್ನು ಹೇಳಿಕೊಳ್ಳದೆ ಸುಮ್ಮನಿರಲು ನನ್ನ ಕೈಲಿ ಆಗುವುದಿಲ್ಲ. ಯಾರು ಸಿಕ್ಕರೂ ಹೇಳುತ್ತೇನೆ. ತರಕಾರಿ ಅಂಗಡಿಯ ತುರ್ಕಿಯವನಿಗೂ ಫೋನಿನಲ್ಲಿ ಫೋಟೋ ತೋರಿಸಿದ್ದೇನೆ. ಅವನ ಭಾಷೆ ನನಗೆ ಬಾರದು, ನನ್ನ ಭಾಷೆ ಅವನಿಗೆ ಬಾರದು, ಆದರೂ ಒಂದು ಹಿಡಿ ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿಕೊಟ್ಟ.

ಮಗುವಿನ ಮಾತು ಶುರುಮಾಡಿದರೆ ನಾನು ನಿಲ್ಲಿಸುವುದಿಲ್ಲ. ಆದರೆ ಈಗ ಹೇಳಬೇಕಾದ್ದು ಮಗುವಿನ ಅಪ್ಪನ ವಿಷಯ. ಅವರು ತಂತಿ ಸುತ್ತಿದ ವಿಷಯ.

ಹೋದ ವರ್ಷ ಮಗಳ ಬಾಣಂತನಕ್ಕೆಂದು ಅರಸೀಕೆರೆಯಿಂದ ಜರ್ಮನಿಯ ಈ ಸಿಂಡೆಲ್‌ಫಿಂಗೆನ್ನಿಗೆ ಮೊದಲ ಸಲ ಬಂದೆ. ಅಳಿಯಂದಿರು ಇಲ್ಲಿನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಬಲು ಒಳ್ಳೆಯವರು. ಪಾತ್ರೆ ತೊಳೆಯುತ್ತಾರೆ, ಬಟ್ಟೆ ಮಡಚುತ್ತಾರೆ, ಹೆಂಡತಿಯ ಕಾಲು ಊದಿಕೊಂಡರೆ ಬಿಸಿನೀರು ಇಡುತ್ತಾರೆ. ಇದ್ದದ್ದು ಒಂದೇ ಚಟ, ಸಿಗರೇಟು.

ನನ್ನ ಮಗಳಿಗೆ ಆ ವಾಸನೆ ಕಂಡರೆ ಆಗದು. ಆಗದಿರುವುದಕ್ಕೆ ಕಾರಣವಿದೆ. ಅವಳ ಅಪ್ಪ ಬೀಡಿ ಸೇದುತ್ತಿದ್ದರು. ಕೆಮ್ಮಿ ಕೆಮ್ಮಿ ಅವರು ಹೋದಾಗ ಇವಳಿನ್ನೂ ಲಂಗ ಹಾಕುವ ಹುಡುಗಿ. ಹಾಗಾಗಿ ಬಸುರಿಯಾದ ಕೂಡಲೇ ಗಂಡನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬರನ್ನು ಬಿಡುತ್ತಾರೆ, ಒಬ್ಬರನ್ನು ಮಾತ್ರ. ಸಾಮಾನ್ಯವಾಗಿ ಗಂಡನೇ ಹೋಗುತ್ತಾನಂತೆ. ಹುಟ್ಟಿದ ಮಗುವನ್ನು ಅಪ್ಪನ ಬರಿ ಎದೆಯ ಮೇಲೂ ಮಲಗಿಸುತ್ತಾರಂತೆ.

"ನೋಡು, ಆವತ್ತು ನಿನ್ನ ಕೈಯಲ್ಲಿ ಸಿಗರೇಟ್ ವಾಸನೆ ಬಂತೋ, ನೀನು ಹೊರಗೆ ಕೂತ್ಕೊ. ಅಮ್ಮ ಒಳಗೆ ಬರ್ತಾಳೆ," ಅಂದಿದ್ದಳು.

ನಾನು ಬಂದ ಮೇಲೆ ನನ್ನೆದುರಿಗೇ ಇನ್ನೊಂದು ಸಲ ಅಂದಳು. ಅಳಿಯಂದಿರು ತಲೆ ತಗ್ಗಿಸಿ ನಕ್ಕರು. ಒಳಗೆ ಹೋಗಬೇಕು ಅಂತ ನನಗೂ ಆಸೆಯಿತ್ತು, ಇರಲಿಲ್ಲ ಅಂದರೆ ಸುಳ್ಳು. ಆದರೆ ಆ ನಗುವಿನ ಹಿಂದೆ ಇದ್ದ ಮುಖ ನೋಡಿ, ಅಯ್ಯೋ, ಈ ಹುಡುಗ ಹೊರಗೆ ಉಳಿಯಬಾರದು ಅನ್ನಿಸಿತು.

ಸಿಗರೇಟು ಬಿಡಲು ಅವರು ಹಿಡಿದಿದ್ದ ದಾರಿ ವೇಪು. ಬೆರಳುದ್ದದ ಬ್ಯಾಟರಿ ಡಬ್ಬಿ. ಅದರ ತಲೆಯೊಳಗೆ ತಂತಿಯ ಸಣ್ಣದೊಂದು ಸುರುಳಿ, ಸುರುಳಿಯೊಳಗೆ ಹತ್ತಿ, ಹತ್ತಿಗೆ ಹಣ್ಣಿನ ವಾಸನೆಯ ದ್ರವ. ಗುಂಡಿ ಒತ್ತಿದರೆ ತಂತಿ ಕಾಯುತ್ತದೆ, ಆವಿ ಬರುತ್ತದೆ, ಹೊಗೆಯ ಬದಲು ಅದನ್ನೇ ಎಳೆಯುವುದು. ನಾನು ನೋಡಿದ ತಕ್ಷಣ, "ಇದು ದೀಪಾನೇ ಅಲ್ವಾ, ಬತ್ತಿ ಇದೆ, ಎಣ್ಣೆ ಇದೆ," ಅಂದೆ. ಸುರುಳಿ ಸರಿಯಾಗಿದ್ದರೆ ಅವರಿಗೆ ಸಮಾಧಾನ. ಸುರುಳಿ ಸುಟ್ಟು ಕಹಿ ಬಂತೋ, ಕಷ್ಟ. ನಮ್ಮ ಬೀದಿಯ ಮೂಲೆಯ ಗೋಡೆಯಲ್ಲೇ ಸಿಗರೇಟು ಕೊಡುವ ಪೆಟ್ಟಿಗೆಯೊಂದಿದೆ, ಕಾರ್ಡು ತೋರಿಸಿದರೆ ಪ್ಯಾಕೆಟ್ಟು ಉದುರುತ್ತದೆ. ಅಳಿಯಂದಿರ ಕಾಲು ಆ ಕಡೆ ಎಳೆಯುತ್ತಿತ್ತು. ಆದ್ದರಿಂದ ನಮ್ಮ ಮನೆಯಲ್ಲಿ ಎಲ್ಲವೂ ಆ ಸುರುಳಿಯ ಮೇಲೆ ನಿಂತಿತ್ತು.

ಅಂಗಡಿಯಲ್ಲಿ ಮಾಡಿಟ್ಟ ಸುರುಳಿ ಸಿಗುತ್ತದೆ. ಇವರು ಕೊಳ್ಳುತ್ತಿರಲಿಲ್ಲ. ಊಟವಾದ ಮೇಲೆ ಬಾಲ್ಕನಿಯಲ್ಲಿ ಕೂತು ತಾವೇ ಸುತ್ತುತ್ತಿದ್ದರು. ಒಂದು ಸಣ್ಣ ಸ್ಕ್ರೂಡ್ರೈವರಿನ ಕಡ್ಡಿಗೆ ತಂತಿ ಸುತ್ತುವುದು, ಕಣ್ಣಿನ ಹತ್ತಿರ ಹಿಡಿದು ನೋಡುವುದು, ತಲೆ ಆಡಿಸುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಆಮೇಲೆ ಕಾಯಿಸಿ ನೋಡುವುದು. ಎಲ್ಲ ಸುತ್ತೂ ಒಟ್ಟಿಗೆ ಕೆಂಪಾಗಬೇಕು. ಒಂದು ಸುತ್ತು ಮುಂಚೆ ಕೆಂಪಾದರೆ ಚಿಮಟದಲ್ಲಿ ಹಿಂಡಿ ಸರಿಮಾಡಬೇಕು. ನನಗೆ ನೋಡಿ ನೋಡಿ ತಡೆಯಲಾಗಲಿಲ್ಲ.

"ಅಲ್ಲ ಅಳಿಯಂದ್ರೇ, ಅಷ್ಟು ದೊಡ್ಡ ಕಾರ್ಖಾನೇಲಿ ಕೆಲಸ ಮಾಡ್ತೀರ, ಇದಕ್ಕೊಂದು ಮೆಷಿನ್ ಇಲ್ವಾ?"

"ಇದೆ ಅತ್ತೆ. ಆದ್ರೆ ಕೈಯಲ್ಲಿ ಸುತ್ತಿದ್ದರ ರುಚೀನೇ ಬೇರೆ."

ನಾನು ಬಿದ್ದು ಬಿದ್ದು ನಕ್ಕೆ. ಯಜಮಾನರು ಹೋದ ಮೇಲೆ ನಾನು ಮನೆ ನಡೆಸಿದ್ದು ಚಕ್ಕುಲಿ ಮಾಡಿ ಅಂಗಡಿಗಳಿಗೆ ಕೊಟ್ಟು. ಶುರುವಿನಲ್ಲಿ ಕೈಯಲ್ಲೇ ತಿರುಚಿ ಸುತ್ತಿದ ಚಕ್ಕುಲಿ. ಬೆರಳಿನ ಗೆಣ್ಣು ರಾತ್ರಿ ಎಲ್ಲ ಸಿಡಿಯುತ್ತಿತ್ತು. ಹಿತ್ತಾಳೆಯ ಚಕ್ಕುಲಿ ಒರಳು ಕೊಂಡ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದೆ. ಮಿಕ್ಸಿ ಬಂದ ದಿನ ರುಬ್ಬುವ ಕಲ್ಲನ್ನು ಹಿತ್ತಲಿಗೆ ಉರುಳಿಸಿ, ಇನ್ನು ನಿನ್ನ ಮುಖ ನೋಡಲ್ಲ ಅಂದಿದ್ದೆ. ಈ ಮನೆಯ ಪಾತ್ರೆ ತೊಳೆಯುವ ಮೆಷಿನ್ನಿನ ಮುಂದಂತೂ ಮೊದಲ ವಾರ ಕುರ್ಚಿ ಹಾಕಿಕೊಂಡೇ ಕೂತಿದ್ದೆ.

"ಕಲ್ಲಲ್ಲಿ ರುಬ್ಬಿದ ಚಟ್ನಿ ರುಚಿ ಅನ್ನೋರೂ ಹೀಗೇ," ಅಂದೆ. "ರುಬ್ಬಿದೋರು ಯಾರೂ ಹಾಗನ್ನಲ್ಲ."

ಒಳಗಿನಿಂದ ಮಗಳು ಕೂಗಿದಳು, "ಸರಿಯಾಗಿ ಹೇಳು ಅಮ್ಮ!"

ಆ ಭಾನುವಾರ ಕಾರ್ಲ್ಸ್‌ರುಹೆಯಿಂದ ಅಳಿಯಂದಿರ ಗೆಳೆಯನೊಬ್ಬ ಊಟಕ್ಕೆ ಬಂದ. ಇಬ್ಬರೂ ಒಟ್ಟಿಗೆ ಓದಿದವರು. ಅವನೂ ವೇಪಿನವನೇ. ಸ್ಕ್ರೂಡ್ರೈವರ್ ನೋಡಿದವನೇ ತಲೆ ಚಚ್ಚಿಕೊಂಡ.

"ಮಗಾ, ಯಾವ ಕಾಲದಲ್ಲಿದ್ದೀಯ ನೀನು? ತಗೋ, ನಂದು ಎರಡಿದೆ."

ಜೇಬಿನಿಂದ ತೆಗೆದ ಉಪಕರಣ ನನ್ನ ಹೆಬ್ಬೆರಳಿನಷ್ಟಿತ್ತು. ಮಧ್ಯದಲ್ಲಿ ಕಡ್ಡಿ, ಮೇಲೊಂದು ತಿರುಗುವ ಟೋಪಿ. ತಂತಿಯ ತುದಿ ಸಿಕ್ಕಿಸಿ ಟೋಪಿ ತಿರುಗಿಸಿದರೆ ಸುತ್ತಿಗೆ ಸುತ್ತು ಅಂಟಿಕೊಂಡು ಸುರುಳಿ ತಯಾರು. ನಾನೂ ಕೇಳಿ ಇಸಿದುಕೊಂಡು ತಿರುಗಿಸಿದೆ. ದೇವರಾಣೆಗೂ ನನ್ನ ಮೊದಲ ಸುರುಳಿಯೇ ಅಳಿಯಂದಿರದ್ದಕ್ಕಿಂತ ನೀಟಾಗಿ ಬಂತು! ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ನನಗಿಂತ ಆ ಟೋಪಿಯೇ ಜಾಣ, ಅದು ನನಗೂ ಗೊತ್ತು. ಆದರೂ ಕುಣಿಯುವ ಹಾಗಾಯಿತು.

"ಅತ್ತೆ ಗೆದ್ರು ಗುರು," ಅಂದ ಗೆಳೆಯ. ನಮ್ಮ ಚಟ್ನಿಯ ವಾದವನ್ನು ಮಗಳು ಆಗಲೇ ಅವನಿಗೆ ಹೇಳಿದ್ದಳು. "ನೀನು ಹೋಗಿ ಕಲ್ಲಲ್ಲಿ ರುಬ್ಬು."

ಅದೇ ಹುರುಪಿನಲ್ಲಿ ಹತ್ತಿ ಹಾಕುವ ಕೆಲಸವನ್ನೂ ನಾನೇ ಕೇಳಿ ತೆಗೆದುಕೊಂಡೆ. ಬತ್ತಿ ಹೊಸೆಯುವುದನ್ನು ನನಗೆ ಯಾರು ಹೇಳಿಕೊಡಬೇಕು? ಅಡುಗೆಮನೆಗೆ ಹೋಗಿ ದಿನಾ ದೇವರ ದೀಪಕ್ಕೆ ಮಾಡುವ ಹಾಗೇ ಮಾಡಿದೆ. ಬೆರಳಿಗೆ ಹಾಲು ಮುಟ್ಟಿಸಿಕೊಂಡು, ಬಿಗಿಯಾಗಿ, ಒಂದು ಎಳೆಯೂ ಆಚೆ ಬಾರದ ಹಾಗೆ ಹೊಸೆದು ತಂದೆ. ಅಳಿಯಂದಿರು ಸುರುಳಿಯೊಳಗೆ ತೂರಿಸಿ, ದ್ರವ ಬಿಟ್ಟು, ಒಂದು ದಮ್ಮು ಎಳೆದರು. ಕಣ್ಣು ಅರಳಿತು. ಕೆಮ್ಮಿದರು. ಇನ್ನೂ ಕೆಮ್ಮಿದರು.

"ಅತ್ತೆ... ಸ್ಟವ್ ಮೇಲೆ ಹಾಲು ಉಕ್ಕಿದ ವಾಸನೆ!"

"ಉಕ್ಕದೆ ಇನ್ನೇನು, ಹಾಲು ಹಚ್ಚೇ ಹೊಸೆದಿದ್ದು."

ಗೆಳೆಯ ನೆಲದ ಮೇಲೆ ಕೂತು ನಕ್ಕ. ಮಗಳು ಹೊಟ್ಟೆ ಹಿಡಿದುಕೊಂಡು, "ಈಗಲೇ ಹೆರಿಗೆ ಆಗುತ್ತೆ, ನಿಲ್ಲಿಸಿ," ಅಂತ ಕೂಗಿದಳು. ಆಮೇಲೆ ತಿಳಿಯಿತು, ವೇಪಿನ ಬತ್ತಿ ಸಡಿಲವಾಗಿರಬೇಕಂತೆ, ಬಿಗಿ ಹೊಸೆದರೆ ದ್ರವ ಹೀರದೆ ಹತ್ತಿಯೇ ಸುಡುತ್ತದಂತೆ. ಹಾಲಿನ ಮಾತು ಬಿಡಿ. ಅಲ್ಲಿಂದ ಮುಂದೆ ಹತ್ತಿಯ ತಂಟೆಗೆ ನಾನು ಹೋಗಲಿಲ್ಲ. ಟೋಪಿ ತಿರುಗಿಸುವುದನ್ನು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಕಾಫಿ ಆದ ಮೇಲೆ ಕೂತು ಸುರುಳಿ ಮಾಡಿ ಒಂದು ಏಲಕ್ಕಿ ಡಬ್ಬಿಗೆ ತುಂಬಿಸಿಟ್ಟೆ. ಇನ್ನು ಸುಟ್ಟು ಕಹಿ ಬಂದರೂ ಭಯವಿಲ್ಲ, ತೆಗೆದು ಹೊಸದು ಹಾಕಿದರಾಯಿತು. ಬೀದಿ ಮೂಲೆಯ ಪೆಟ್ಟಿಗೆಗೆ ಇನ್ನು ನಮ್ಮ ಮನೆಯಿಂದ ಗಿರಾಕಿ ಇಲ್ಲ ಅಂದುಕೊಂಡೆ.

ಸ್ವಲ್ಪ ದಿನ ಕಳೆದಿತ್ತು. ಅಳಿಯಂದಿರ ಜಾಕೆಟ್ಟನ್ನು ಗೂಟಕ್ಕೆ ಹಾಕಲು ಎತ್ತಿಕೊಂಡೆ. ವಾಸನೆ ಬಂತು. ಹಣ್ಣಿನದ್ದಲ್ಲ.

ಮಗಳು ಮಲಗಿದ್ದಳು. ನಾನು ಜಾಕೆಟ್ಟು ಹಿಡಿದುಕೊಂಡೇ ಬಾಲ್ಕನಿಗೆ ಹೋದೆ. ಅವರು ಸುಮ್ಮನೆ ಕೂತಿದ್ದರು. ವೇಪು ಪಕ್ಕದಲ್ಲಿತ್ತು, ಸುರುಳಿಯೂ ಚೆನ್ನಾಗಿಯೇ ಇತ್ತು. ಜಾಕೆಟ್ಟು ನೋಡಿ ಮುಖ ಬಾಡಿತು.

"ಒಂದೇ ಒಂದು, ಅತ್ತೆ. ಅವಳಿಗೆ ಹೇಳ್ಬೇಡಿ."

"ಹೇಳಲ್ಲ. ಆದ್ರೆ ಯಾಕೆ? ಡಬ್ಬಿ ತುಂಬ ಇದ್ಯಲ್ಲ."

ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಊಟ ಆದ್ಮೇಲೆ ಹೊತ್ತೇ ಹೋಗಲ್ಲ ಅತ್ತೆ. ಮುಂಚೆ ಈ ಹೊತ್ತಲ್ಲಿ ಸುತ್ತುತಾ ಇದ್ದೆ. ಸುತ್ತಿ ಮುಗಿಸೋ ಅಷ್ಟರಲ್ಲಿ ಸೇದ್ಬೇಕು ಅನ್ನೋದು ಹೋಗಿರ್ತಿತ್ತು. ಈಗ ಸೀದಾ ಹಾಕಿ ಎಳೆದ್ರೆ ಮುಗೀತು. ಆಮೇಲೆ ಕೈ ಏನೋ ಹುಡುಕುತ್ತೆ."

ನಾನು ಒಳಗೆ ಹೋಗಿ ಏಲಕ್ಕಿ ಡಬ್ಬಿಯನ್ನೂ ಟೋಪಿಯ ಉಪಕರಣವನ್ನೂ ತಂದೆ. ಕೊಡಲು ಮನಸ್ಸು ಬರಲಿಲ್ಲ, ನನಗೆ ಅಷ್ಟು ಇಷ್ಟವಾಗಿತ್ತು ಅದು. ಆದರೂ ಅವರ ಎದುರಿಗೆ ಇಟ್ಟೆ.

"ಇದನ್ನ ನಿಮ್ಮ ಗೆಳೆಯನಿಗೇ ವಾಪಸ್ ಕೊಡಿ. ಚಕ್ಕುಲಿ ನಾನು ಮಾರೋಕೆ ಮಾಡ್ತಿದ್ದೆ, ನನಗೆ ಬೇಗ ಆಗ್ಬೇಕಿತ್ತು. ನಿಮಗೆ ಬೇಗ ಆಗ್ಬಾರ್ದು."

"ಮತ್ತೆ ಕಲ್ಲಲ್ಲಿ ರುಬ್ಬೋದಾ?"

"ರುಬ್ಬಿ. ನಾನೂ ಜೊತೆಗೆ ಕೂರ್ತೀನಿ."

ಅಲ್ಲಿಂದ ದಿನಾ ಊಟವಾದ ಮೇಲೆ ಅತ್ತೆ ಅಳಿಯ ಇಬ್ಬರೂ ಬಾಲ್ಕನಿಯಲ್ಲಿ. ಅವರು ಸ್ಕ್ರೂಡ್ರೈವರಿಗೆ ತಂತಿ ಸುತ್ತುವುದು, ನಾನು ಸ್ವೆಟರ್ ಹಾಕಿಕೊಂಡು, ಶಾಲು ಹೊದ್ದುಕೊಂಡು ಪಕ್ಕದಲ್ಲಿ ತಪ್ಪು ತೆಗೆಯುವುದು. "ಆ ಮೂರನೇ ಸುತ್ತು ಬಾಯಿ ಬಿಟ್ಟಿದೆ ನೋಡಿ" ಅಂದರೆ ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ಎಷ್ಟೋ ಸಲ ನಾನು ಬೇಕೆಂದೇ ತಪ್ಪು ಹುಡುಕುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು. ಬರಬರುತ್ತಾ ಸೇದುವುದಕ್ಕಿಂತ ಸುತ್ತುವುದೇ ಹೆಚ್ಚಾಯಿತು. ಜಾಕೆಟ್ಟನ್ನು ನಾನು ದಿನವೂ ಗೂಟಕ್ಕೆ ಹಾಕುತ್ತಿದ್ದೆ. ಬೇರೆ ವಾಸನೆ ಬರಲಿಲ್ಲ.

ಮಗಳಿಗೆ ನೋವು ಕಾಣಿಸಿಕೊಂಡಿದ್ದು ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಬ್ಯಾಗು, ಕಾಗದಪತ್ರ, ಮಗುವಿನ ಟೋಪಿ, ಎಲ್ಲ ಎತ್ತಿಕೊಂಡು ಓಡಿದೆವು. ನನ್ನನ್ನು ಹೆರಿಗೆ ವಿಭಾಗದ ಹೊರಗಿನ ಕುರ್ಚಿಯಲ್ಲಿ ಕೂರಿಸಿ ಅಳಿಯಂದಿರು ಒಳಗೆ ಹೋದರು. ಮಧ್ಯಾಹ್ನವಾದರೂ ಏನೂ ಆಗಲಿಲ್ಲ. ಆಮೇಲೆ ಅವರು ಒಬ್ಬರೇ ಹೊರಗೆ ಬಂದರು.

"ಏನಾಯ್ತು?"

"ಏನಿಲ್ಲ ಅತ್ತೆ. ಇನ್ನೂ ಟೈಮ್ ಇದೆ ಅಂದ್ರು. ನನ್ನ ಮುಖ ನೋಡಿದ್ರೆ ಅವಳಿಗೇ ಟೆನ್ಷನ್ ಆಗುತ್ತಂತೆ. ಸ್ವಲ್ಪ ಗಾಳಿ ಕುಡಿದು ಬಾ ಅಂತ ಓಡಿಸಿದ್ಲು."

ಲಿಫ್ಟಿನಲ್ಲಿ ಇಳಿದುಹೋದರು. ನಾನು ಸ್ವಲ್ಪ ಹೊತ್ತು ಕೂತೆ. ಬರುವಾಗ ಆಸ್ಪತ್ರೆಯ ಎದುರು ಗೋಡೆಯಲ್ಲೂ ಅಂಥದ್ದೇ ಒಂದು ಪೆಟ್ಟಿಗೆ ನೋಡಿದ್ದೆ. ಕೂರಲಾಗಲಿಲ್ಲ. ಚಪ್ಪಲಿ ಸದ್ದು ಮಾಡುತ್ತಾ ಮೆಟ್ಟಿಲಿಳಿದೇ ಹೋದೆ.

ಪೆಟ್ಟಿಗೆಯ ಹತ್ತಿರ ಯಾರೂ ಇರಲಿಲ್ಲ. ಅಳಿಯಂದಿರು ಆಸ್ಪತ್ರೆಯ ಗೇಟಿನ ಪಕ್ಕದ ಬೆಂಚಿನಲ್ಲಿ ಬೆನ್ನು ಬಗ್ಗಿಸಿ ಕೂತಿದ್ದರು. ಹತ್ತಿರ ಹೋಗಿ ನೋಡಿದರೆ ಪೆನ್ನಿನ ರೀಫಿಲ್ಲಿಗೆ ತಂತಿ ಸುತ್ತುತ್ತಿದ್ದಾರೆ. ಸುರುಳಿ ಅಂಕುಡೊಂಕಾಗಿ, ಕೋಳಿ ಕೆದರಿದ ಹಾಗೆ ಬಂದಿತ್ತು.

"ವೇಪು ಎಲ್ಲಿ?" ಅಂದೆ.

"ಗಡಿಬಿಡೀಲಿ ಮನೇಲೇ ಬಿಟ್ಟೆ. ಜೇಬಲ್ಲಿ ತಂತಿ ಮಾತ್ರ ಇತ್ತು."

"ಮತ್ತೆ ಇದನ್ನ ಯಾತಕ್ಕೆ ಹಾಕ್ತೀರ?"

"ಯಾತಕ್ಕೂ ಇಲ್ಲ ಅತ್ತೆ. ಸುತ್ತುತಾ ಇದೀನಿ, ಅಷ್ಟೇ."

ನಾನು ಪಕ್ಕದಲ್ಲಿ ಕೂತೆ. ಗೋಡೆಯ ಪೆಟ್ಟಿಗೆ ನಮ್ಮ ಕಣ್ಣೆದುರಿಗೇ ಇತ್ತು.

"ಚೆನ್ನಾಗಿ ಬಂದಿಲ್ಲ," ಅಂದೆ.

"ಗೊತ್ತು."

"ಬಿಚ್ಚಿ ಇನ್ನೊಂದ್ಸಲ ಸುತ್ತಿ."

ಬಿಚ್ಚಿದರು. ಅರ್ಧ ಸುತ್ತಿರಬೇಕು, ಅವರ ಫೋನು ಬಡಿದುಕೊಂಡಿತು. ನರ್ಸು. ಅವರು ತಂತಿ, ರೀಫಿಲ್ಲು ಎಲ್ಲವನ್ನೂ ನನ್ನ ಮಡಿಲಿಗೆ ಹಾಕಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದರು.

ನಾನೂ ಮೇಲೆ ಹೋಗಿ ಅದೇ ಕುರ್ಚಿಯಲ್ಲಿ ಕೂತೆ. ಹೆರಿಗೆ ವಿಭಾಗದ ಬಾಗಿಲು ತೆರೆದಾಗ ಸಾಯಂಕಾಲದ ಬಿಸಿಲು ಕಾರಿಡಾರಿನ ಉದ್ದಕ್ಕೂ ಬಿದ್ದಿತ್ತು. ಅಳಿಯಂದಿರ ಅಂಗಿಯ ಗುಂಡಿಗಳು ಮೇಲೆ ಕೆಳಗೆ ತಪ್ಪಾಗಿ ಸೇರಿದ್ದವು. ಮಗುವನ್ನು ಎದೆಯ ಮೇಲೆ ಮಲಗಿಸಿದ್ದರು ಅಂತ ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು.

"ಹೆಣ್ಣು, ಅತ್ತೆ!" ಅಂದವರೇ ಅತ್ತುಬಿಟ್ಟರು. ನಾನೂ ಅತ್ತೆ. ಪಕ್ಕದಲ್ಲಿ ಕಾಯುತ್ತಿದ್ದ ಒಬ್ಬರು ಜರ್ಮನ್ ಹೆಂಗಸು ಸುಮ್ಮನೆ ಕಾಗದದ ಕರವಸ್ತ್ರ ಚಾಚಿದರು.

ಸ್ವಲ್ಪ ಹೊತ್ತಿಗೆ ತಾಯಿಯನ್ನೂ ಮಗುವನ್ನೂ ಬೇರೆ ಕೋಣೆಗೆ ಕರೆತಂದರು, ನನ್ನನ್ನೂ ಬಿಟ್ಟರು. ಮಗಳು ಸುಸ್ತಾಗಿ ಮಲಗಿದ್ದಳು, ಮುಖ ಮಾತ್ರ ಹೊಳೆಯುತ್ತಿತ್ತು.

"ಅಮ್ಮ, ಅಷ್ಟು ನೋವಲ್ಲೂ ನಾನು ಇವನ ಕೈ ಮೂಸಿ ನೋಡ್ದೆ ಗೊತ್ತಾ?"

"ಅಯ್ಯೋ ನಿನ್ನ! ಏನಿತ್ತೇ?"

"ಕಬ್ಬಿಣದ ವಾಸನೆ. ಬಸ್ಸಲ್ಲಿ ಕಂಬಿ ಹಿಡ್ಕೊಂಡಿದ್ದೋನ ಥರ. ಕಾರು ರಿಪೇರಿ ಮಾಡಕ್ಕೆ ಹೋಗಿದ್ನಾ ಅಂತ ಕೇಳು."

ನಾನು ಅಳಿಯಂದಿರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಏನು ಎತ್ತ ಗೊತ್ತಿಲ್ಲದೆ ಅವಳೂ ನಗತೊಡಗಿ, "ಅಮ್ಮ, ನಗಿಸ್ಬೇಡ, ಹೊಲಿಗೆ ಎಳೆಯುತ್ತೆ," ಅಂದಳು.

ಅಳಿಯಂದಿರು ತೊಟ್ಟಿಲಿಗೆ ಬಗ್ಗಿ ಮಗುವನ್ನು ಎತ್ತಿಕೊಂಡರು. ಆಗಲೇ ಹತ್ತು ಮಕ್ಕಳನ್ನು ಸಾಕಿದವರ ಹಾಗೆ ಕತ್ತಿನ ಕೆಳಗೆ ಕೈ ಕೊಟ್ಟಿದ್ದರು. ನನ್ನ ಹತ್ತಿರ ತಂದು, ಕೊಡುವ ಮುಂಚೆ ತಡೆದು ಕೇಳಿದರು, "ಅತ್ತೆ, ಕೈ ತೊಳ್ಕೊಂಡಿದ್ದೀರಾ?"

ತೊಳೆದಿದ್ದೆ. ಆದರೂ ಹೋಗಿ ಇನ್ನೊಂದು ಸಲ ಸೋಪು ಹಾಕಿ ತೊಳೆದುಕೊಂಡು ಬಂದೆ.